ಅಳಿಯ ಅಳಿಸಿದ ಆತ್ಮಕಥೆ

ಬಸ್ ಡಿಪೋದ ಹಿಂಭಾಗದಲ್ಲಿ, ಹಳೆಯ ಟೈರುಗಳ ಗೋದಾಮಿಗೂ ಕಂಡಕ್ಟರುಗಳು ಕಾಲು ಚಾಚುವ ಕೋಣೆಗೂ ನಡುವೆ, ಕಳೆದುಹೋದ ವಸ್ತುಗಳ ವಿಭಾಗವಿತ್ತು. ಅದರ ಏಕಮಾತ್ರ ಗುಮಾಸ್ತರನ್ನು ಡಿಪೋದವರೆಲ್ಲ ಛತ್ರಿ ಗುಮಾಸ್ತರು ಎಂದು ಕರೆಯುತ್ತಿದ್ದರು. ಜನ ಬಸ್ಸಿನಲ್ಲಿ ಬಿಟ್ಟುಹೋಗುವ ನೂರು ವಸ್ತುಗಳಲ್ಲಿ ಅರವತ್ತು ಛತ್ರಿಗಳೇ ಆದದ್ದರಿಂದ ಆ ಹೆಸರು. ಛತ್ರಿ ಎಂಬ ಮಾತಿಗೆ ನಮ್ಮಲ್ಲಿ ಇನ್ನೊಂದು ಅರ್ಥವೂ ಇದೆಯಷ್ಟೆ. ಅದಕ್ಕೂ ಇವರಿಗೂ ಯಾವ ಸಂಬಂಧವೂ ಇರಲಿಲ್ಲ. ಆ ಅರ್ಥದ ಛತ್ರಿಯಾಗಬೇಕಾದರೆ ಸ್ವಲ್ಪ ಚುರುಕುತನ ಬೇಕಾಗುತ್ತದೆ.

ಆದರೆ ಕೆಲಸದಲ್ಲಿ ಅವರು ಕಟ್ಟುನಿಟ್ಟು. ಸಿಕ್ಕಿದ ಪ್ರತಿಯೊಂದಕ್ಕೂ ಚೀಟಿ, ಚೀಟಿಯಲ್ಲಿ ಬಸ್ಸಿನ ನಂಬರು, ಸೀಟು, ದಿನಾಂಕ. ಒಂಟಿ ಚಪ್ಪಲಿ, ಕಟ್ಟಿಸಿದ ಹಲ್ಲು, ಒಂದು ಸಲ ಜೀವಂತ ಆಮೆ, ಎಲ್ಲವೂ ಆರು ತಿಂಗಳು ಕಪಾಟಿನಲ್ಲಿ ಭದ್ರ. ಹದಿನೇಳು ವರ್ಷದಲ್ಲಿ ಅವರ ಕೈಯಿಂದ ಒಂದು ಗುಂಡಿಯೂ ಕಳೆದಿರಲಿಲ್ಲ. ಹಾಗಾಗಿ ಕಳೆದುಕೊಂಡು ಬರುವವರನ್ನು ಕಂಡರೆ ಅವರಿಗೆ ಕನಿಕರದ ಜೊತೆಗೆ ಒಂದಿಷ್ಟು ತಾತ್ಸಾರವೂ ಇತ್ತು.

ಇಂಥ ಗುಮಾಸ್ತರಿಗೆ ಲಿನಕ್ಸ್ ಹುಚ್ಚು ಹತ್ತಿಸಿದವನು ಡಿಪೋದ ಪೆಂಗ್ವಿನ್. ಟಿಕೆಟ್ ಯಂತ್ರಗಳ ರಿಪೇರಿ ಅವನ ಕೆಲಸ. ನಲವತ್ತು ದಾಟಿದ್ದ, ತಲೆ ಅರ್ಧ ಬೋಳು, ಊಟದ ಡಬ್ಬಿಯ ಮೇಲೆ ಪೆಂಗ್ವಿನ್ ಹಕ್ಕಿಯ ಚಿತ್ರ. ಲಿನಕ್ಸ್ ಎಂದರೆ ಕಂಪ್ಯೂಟರ್ ನಡೆಸುವ ಒಂದು ವ್ಯವಸ್ಥೆ, ಈ ಹಕ್ಕಿ ಅದರ ಗುರುತು ಎಂದು ಅವನು ಡಿಪೋದಲ್ಲಿ ಪ್ರತಿಯೊಬ್ಬರಿಗೂ ಕನಿಷ್ಠ ಎರಡು ಸಲ ವಿವರಿಸಿದ್ದ. ಒಂದು ಶುಕ್ರವಾರ ಊಟದ ಹೊತ್ತಿನಲ್ಲಿ ಅವನು ಲಿನಕ್ಸಿನ ಹೊಸ ಡೆಸ್ಕ್‌ಟಾಪಿನ, ಅಂದರೆ ಪರದೆಯ ಹೊಸ ವೇಷದ, ಬಣ್ಣ, ಓಟ, ಒನಪು ವರ್ಣಿಸುತ್ತಿದ್ದಾಗ ಗುಮಾಸ್ತರು, “ನಮ್ಮನೆ ಕಂಪ್ಯೂಟರ್ ಆನ್ ಮಾಡಿ ಸ್ನಾನ ಮುಗಿಸ್ಕೊಂಡು ಬಂದ್ರೂ ಎದ್ದಿರಲ್ಲ. ಅದಕ್ಕೂ ಇದನ್ನ ಹಾಕಬಹುದಾ?” ಎಂದರು.

ಪೆಂಗ್ವಿನ್ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಹಾಕಬಹುದು ಸಾರ್. ಆದ್ರೆ ಇದು ಎಲ್ಲರ ಕೈಲೂ ಆಗೋ ಕೆಲಸ ಅಲ್ಲ,” ಎಂದ.

ಆ ಒಂದು ಮಾತು ಸಾಕಾಯಿತು. ಸಂಜೆ ಮನೆಗೆ ಹೊರಟಾಗ ಗುಮಾಸ್ತರ ಜೇಬಿನಲ್ಲಿ ಉಗುರಿನಷ್ಟು ಗಾತ್ರದ ಪೆನ್‌ಡ್ರೈವ್ ಇತ್ತು. ಟಿಕೆಟ್ ರೋಲಿನ ಹಿಂಬದಿಯಲ್ಲಿ ಪೆಂಗ್ವಿನ್ ಬರೆದುಕೊಟ್ಟ ಒಂದು ಮೊಳ ಸೂಚನೆಗಳೂ ಇದ್ದವು.

ಆ ಮನೆಯ ಕಂಪ್ಯೂಟರಿನ ವಿಷಯ ಸ್ವಲ್ಪ ಹೇಳಬೇಕು. ಹೆಸರಿಗೆ ಅದು ಗುಮಾಸ್ತರದು. ಅವರ ಹೆಂಡತಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವವರು. ಅವರು ಅದನ್ನು ಮುಟ್ಟುತ್ತಿದ್ದುದು ಧೂಳು ಒರೆಸಲು. ನಿಜವಾದ ಒಡೆಯರು ಮಾವನವರು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ನಿವೃತ್ತರಾದ ಅವರು ಮಗಳ ಮನೆಗೆ ಬಂದು ಆರು ವರ್ಷವಾಗಿತ್ತು. ಆ ಆರು ವರ್ಷವೂ ದಿನಾ ಸಂಜೆ ನಾಲ್ಕರಿಂದ ಆರರವರೆಗೆ ಬಲಗೈ ತೋರುಬೆರಳೊಂದರಿಂದಲೇ ಕುಟ್ಟಿ ಆತ್ಮಕಥೆ ಬರೆಯುತ್ತಿದ್ದರು. ಹೆಸರು ‘ತಪ್ಪದ ತಕ್ಕಡಿ’. ಮುನ್ನೂರ ಹನ್ನೆರಡು ಪುಟ ಆಗಿತ್ತು. “ಇನ್ನೊಂದು ಪ್ರತಿ ತೆಗೆದಿಡಪ್ಪಾ” ಎಂದು ಮಗಳು ಹೇಳಿದಾಗಲೆಲ್ಲ, “ಆತ್ಮ ಒಂದೇ, ಆತ್ಮಕಥೆಯೂ ಒಂದೇ” ಎನ್ನುತ್ತಿದ್ದರು.

ಭಾನುವಾರ ಬೆಳಿಗ್ಗೆ ಹೆಂಡತಿಗೆ ಪಾಳಿಯಿತ್ತು. ಮಾವನವರು ಪಾರ್ಕಿಗೆ ಹೋಗಿದ್ದರು. ಗುಮಾಸ್ತರು ಕಂಪ್ಯೂಟರಿನ ಹಿಂಬದಿಗೆ ಪೆನ್‌ಡ್ರೈವ್ ಸಿಕ್ಕಿಸಿ, ಟಿಕೆಟ್ ರೋಲನ್ನು ಮೇಜಿನ ಮೇಲೆ ಹಾಸಿ, ಅದರಲ್ಲಿ ಹೇಳಿದ ಗುಂಡಿಯನ್ನು ಒತ್ತುತ್ತ ಕೂತರು. ಯಂತ್ರ ಬಹಳ ಹೊತ್ತು ಯೋಚಿಸಿತು. ಆಮೇಲೆ ಯಾವ ಭಾಷೆ ಬೇಕೆಂದು ಕೇಳಿತು. ಕನ್ನಡ ಎಂದರು. ಕೂಡಲೇ ಪರದೆಯ ಮೇಲೆ ಎರಡು ಗುಂಡಿಗಳು ಮೂಡಿದವು. ಒಂದರ ಮೇಲೆ ‘ಪ್ರಯತ್ನಿಸು’, ಇನ್ನೊಂದರ ಮೇಲೆ ‘ಅನುಸ್ಥಾಪಿಸು’.

ಗುಮಾಸ್ತರು ಇನ್‌ಸ್ಟಾಲ್ ಎಂಬ ಪದವನ್ನು ಕೇಳಿದ್ದರು. ಅನುಸ್ಥಾಪಿಸು ಎಂಬುದನ್ನು ಕೇಳಿರಲಿಲ್ಲ. ವಿಗ್ರಹಕ್ಕೋ ಕಲ್ಲುಕಂಬಕ್ಕೋ ಸಂಬಂಧಪಟ್ಟದ್ದಿರಬೇಕು ಎನಿಸಿತು. ಪ್ರಯತ್ನಿಸು ಎಂಬುದು ವಿನಯದ ಮಾತು. ಯಂತ್ರವೇ ‘ನಾನು ಪ್ರಯತ್ನಿಸಲೇ?’ ಎಂದು ಕೇಳುತ್ತಿರುವಾಗ ಬೇಡ ಎನ್ನುವುದು ಹೇಗೆ? ‘ಪ್ರಯತ್ನಿಸಪ್ಪಾ’ ಎಂದುಕೊಂಡು ಅದನ್ನೇ ಒತ್ತಿದರು.

ಪ್ರಯತ್ನ ಫಲಿಸಿತು. ಐದು ನಿಮಿಷದೊಳಗೆ ಪರದೆಯ ತುಂಬ ನೀಲಿ ಬೆಟ್ಟ, ಕೆಳಗೆ ಸಾಲಾಗಿ ಬಣ್ಣದ ಚಿತ್ರಗಳು. ಒಂದು ಚೌಕವನ್ನು ಹಿಡಿದೆಳೆದರೆ ಒದ್ದೆ ಬಟ್ಟೆಯ ಹಾಗೆ ಬಳುಕುತ್ತಿತ್ತು. ಗುಮಾಸ್ತರು ಅದನ್ನು ಇಪ್ಪತ್ತು ಸಲ ಬಳುಕಿಸಿದರು. ಆಮೇಲೆ ನೋಡುವವರು ಬೇಕೆನಿಸಿ ಎದುರು ಮನೆಯ ಹೆಡ್‌ಮೇಡಂ ಅವರನ್ನು ಕರೆದರು. ಹೆಡ್‌ಮೇಡಂ ಮೂವತ್ತು ವರ್ಷ ಶಾಲೆ ನಡೆಸಿ ನಿವೃತ್ತರಾದವರು; ಏನನ್ನು ತೋರಿಸಿದರೂ ಮೊದಲು ತಪ್ಪು ಹುಡುಕುವವರು.

“ಚೆನ್ನಾಗಿದೆ. ಮೊದಲಿದ್ದದ್ದೆಲ್ಲ ಎಲ್ಲಿ ಹೋಯ್ತು?” ಎಂದರು ಅವರು.

“ಹಳೇದೆಲ್ಲ ತೆಗೆದು ಹೊಸದು ಹಾಕಿದೀನಿ ಮೇಡಂ. ಐದೇ ನಿಮಿಷ!”

“ಹಳೇದರಲ್ಲಿ ನಿಮ್ಮ ಮಾವನವರದ್ದು ಏನೋ ಇತ್ತಲ್ಲ?”

ಗುಮಾಸ್ತರ ಕೈ ಮೌಸಿನ ಮೇಲೆಯೇ ನಿಂತಿತು. ಅವರು ‘ದಾಖಲೆಗಳು’ ಎಂದಿದ್ದ ಕಡೆ ತೆರೆದರು. ಖಾಲಿ. ‘ಚಿತ್ರಗಳು’ ಖಾಲಿ. ಕಸದ ಬುಟ್ಟಿ ಕೂಡ ಖಾಲಿ. ಇಷ್ಟು ಚೊಕ್ಕಟವಾದ ಕಂಪ್ಯೂಟರನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ.

ಆಗ ಹನ್ನೊಂದೂವರೆ. ಮಾವನವರು ಕೂರುವುದು ನಾಲ್ಕಕ್ಕೆ. ನಡುವಿನ ನಾಲ್ಕೂವರೆ ಗಂಟೆಯಲ್ಲಿ ಗುಮಾಸ್ತರು ಪೆಂಗ್ವಿನ್‌ಗೆ ಹನ್ನೆರಡು ಸಲ ಫೋನ್ ಮಾಡಿದರು. ಹದಿಮೂರನೆಯ ಸಲಕ್ಕೆ ಸಿಕ್ಕ. ಟಿಕೆಟ್ ಯಂತ್ರಗಳ ತರಬೇತಿಗೆಂದು ದೂರದ ಡಿಪೋಗೆ ಹೊರಟು ರೈಲಿನಲ್ಲಿದ್ದ. ವಾಪಸ್ಸು ಬರುವುದು ಹತ್ತು ದಿನಕ್ಕೆ.

“ಇನ್‌ಸ್ಟಾಲ್ ಮಾಡಿದ್ರಾ ಸಾರ್?”

ಇಲ್ಲಿ ಗುಮಾಸ್ತರು ‘ಪ್ರಯತ್ನಿಸು ಅಂತ ಒತ್ತಿದೆ’ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ‘ಎಲ್ಲರ ಕೈಲೂ ಆಗೋ ಕೆಲಸ ಅಲ್ಲ’ ಎಂಬ ಮಾತು ಇನ್ನೂ ಚುಚ್ಚುತ್ತಿತ್ತು.

“ಪೂರ್ತಿ ಮಾಡಿದೆ,” ಎಂದರು.

“ಹಳೇದನ್ನೆಲ್ಲ ಅಳಿಸಲಾ ಅಂತ ಕೇಳಿರಬೇಕಲ್ಲ?”

“ಏನೇನು ಕೇಳ್ತೋ ಎಲ್ಲಕ್ಕೂ ಹೂಂ ಅಂದೆ.”

ಪೆಂಗ್ವಿನ್ ವೈದ್ಯರ ದನಿಯಲ್ಲಿ, “ಹಾಗಾದ್ರೆ ಹೋಯ್ತು ಸಾರ್. ನಾನು ಬಂದು ನೋಡ್ತೀನಿ, ಆದ್ರೆ ಆಸೆ ಇಟ್ಕೋಬೇಡಿ. ಅಲ್ಲೀವರೆಗೂ ಆಫ್ ಮಾಡಬೇಡಿ,” ಎಂದ.

ನಾಲ್ಕಕ್ಕೆ ಸರಿಯಾಗಿ ಮಾವನವರು ಕನ್ನಡಕ ಒರೆಸಿಕೊಂಡು ಕೂತರು. ನೀಲಿ ಬೆಟ್ಟವನ್ನು ನೋಡಿದರು. ಅಳಿಯನನ್ನು ನೋಡಿದರು. ಮಾವನವರದೊಂದು ಅಭ್ಯಾಸವೆಂದರೆ, ಸಿಟ್ಟು ಏರಿದಷ್ಟೂ ಮರ್ಯಾದೆಯೂ ಏರುತ್ತಿತ್ತು.

“ಅಳಿಯಂದ್ರೇ, ತಮ್ಮಿಂದ ಒಂದು ವಿಷಯ ತಿಳಿದುಕೊಳ್ಳಬಹುದೇ?”

“ಮಾವ, ಅದು… ಹೊಸ ಡೆಸ್ಕ್‌ಟಾಪು…”

“ಬಹಳ ಸಂತೋಷ. ನನ್ನ ಜೀವನ ಎಲ್ಲಿದೆ?”

ಗುಮಾಸ್ತರು ಹೇಳಿದರು. ಮಾವನವರು ಎದ್ದು ಬಾಲ್ಕನಿಗೆ ಹೋಗಿ ಕತ್ತಲಾಗುವವರೆಗೂ ಬೀದಿ ನೋಡುತ್ತ ನಿಂತರು. ಪಾಳಿ ಮುಗಿಸಿ ಬಂದ ಹೆಂಡತಿ ಸಂಗತಿ ಕೇಳಿ ಗಂಡನಿಗೆ ಹೇಳಿದ್ದು ಒಂದೇ ಮಾತು: “ರೀ, ಊರವರ ಒಂಟಿ ಚಪ್ಪಲಿನ ಆರು ತಿಂಗಳು ಕಾಯ್ತೀರಲ್ಲ, ನಮ್ಮಪ್ಪನ ಬದುಕು ಒಂದು ಬೆಳಗ್ಗೆ ಕಾಯೋಕಾಗ್ಲಿಲ್ವಾ?”

ಸುದ್ದಿಗೆ ಕಾಲಿಲ್ಲ, ಆದರೆ ಹೆಡ್‌ಮೇಡಂ ಅವರಿಗಿತ್ತು. ರಾತ್ರಿ ಊಟದ ಹೊತ್ತಿಗೆ ನಾಲ್ಕು ಮಹಡಿಗೂ ಗೊತ್ತಾಯಿತು. ಜನ ಸಾವಿನ ಮನೆಗೆ ಬರುವ ಹಾಗೆ ಚಪ್ಪಲಿ ಬಿಟ್ಟು, ದನಿ ತಗ್ಗಿಸಿ ಬಂದರು. “ಎಷ್ಟು ಪುಟ ಆಗಿತ್ತು?” “ಮುನ್ನೂರ ಹನ್ನೆರಡು.” “ಅಯ್ಯೋ ಪಾಪ, ಇನ್ನೂ ಬೆಳೀಬೇಕಾಗಿತ್ತು.” ಕೆಳಮನೆಯವರು ಫ್ಲಾಸ್ಕಿನಲ್ಲಿ ಕಾಫಿ ತಂದರು. ಹೆಂಡತಿಯ ಅಕ್ಕ ಫೋನಿನಲ್ಲಿ ಅಳುತ್ತಲೇ ಎಲ್ಲ ಕೇಳಿಕೊಂಡು, ಕೊನೆಯಲ್ಲಿ, “ನನ್ನ ಬಗ್ಗೆ ಬರೆದಿದ್ದ ಅಧ್ಯಾಯಾನೂ ಹೋಯ್ತೇನೇ?” ಎಂದರು. ಹೋಯಿತು ಎಂದು ಗೊತ್ತಾದ ಮೇಲೆ ಅಳು ಬೇಗ ನಿಂತಿತು.

ಸೋಮವಾರ ಹತ್ತೂವರೆಗೆ ಡಿಪೋದ ಕಿಟಕಿಯ ಮುಂದೆ ಮೂವರು ಸಾಲಾಗಿ ನಿಂತಿದ್ದರು. ಛತ್ರಿ ಕಳೆದುಕೊಂಡ ಹೆಂಗಸು, ಛತ್ರಿ ಕಳೆದುಕೊಂಡ ಗಂಡಸು, ಮೂರನೆಯವರು ಇಸ್ತ್ರಿ ಮಾಡಿದ ಕೋಟು ತೊಟ್ಟ ಮಾವನವರು.

“ಒಂದು ಫಾರಂ ಕೊಡಿ.”

“ಮಾವಾ, ನೀವಾ? ಇಲ್ಲಿಗ್ಯಾಕೆ?”

“ಇಲ್ಲಿ ಮಾವ ಅಳಿಯ ಯಾರೂ ಇಲ್ಲ. ನಾನು ವಸ್ತು ಕಳಕೊಂಡವನು, ತಾವು ಗುಮಾಸ್ತರು. ನಿಯಮದ ಪ್ರಕಾರ ನಡೀಲಿ.”

ಅವರು ದುಂಡಗಿನ ಅಕ್ಷರದಲ್ಲಿ ಫಾರಂ ತುಂಬಿದರು. ವಸ್ತು: ಆತ್ಮಕಥೆ, ಒಂದು. ಗುರುತು: ಮುನ್ನೂರ ಹನ್ನೆರಡು ಪುಟ, ಪ್ರತಿ ಅಕ್ಷರವೂ ಸತ್ಯ. ಕೊನೆಯದಾಗಿ ಕಂಡ ಸ್ಥಳ: ಮನೆ. ಕಳೆಯಲು ಕಾರಣ: ಅಳಿಯ.

ಕಿಟಕಿಯ ಬಳಿ ಗುಂಪು ಕಟ್ಟಿದ್ದು ನೋಡಿ ಡಿಪೋ ಮ್ಯಾನೇಜರ್ ಬಂದರು. ಯಾವ ಕಾಗದವನ್ನಾದರೂ ಕೊನೆಯ ಸಾಲಿನಿಂದ ಓದಲು ಶುರುಮಾಡುವ ಮನುಷ್ಯ. “ಕಾರಣ ಅಳಿಯ… ಯಾವ ರೂಟಿನ ಬಸ್ಸು?” ಎಂದು ಕೇಳಿದರು.

“ಸಾರ್, ಇದು ಬಸ್ಸಲ್ಲಿ ಕಳೆದದ್ದಲ್ಲ,” ಎಂದರು ಗುಮಾಸ್ತರು, ನೆಲ ನೋಡುತ್ತ.

“ಮತ್ತೆ ಎಲ್ಲಿ?”

“ನನ್ನ ಕೈಲಿ.”

ಮ್ಯಾನೇಜರ್ ಕನ್ನಡಕವನ್ನು ಹಣೆಗೇರಿಸಿದರು. “ನೀವು ಕಳೆದುಹೋದ ವಸ್ತುಗಳ ವಿಭಾಗದವರು ಕಣ್ರೀ. ನೀವು ಹುಡುಕಿ ಕೊಡಬೇಕು. ನೀವೇ ಕಳೆಯೋದಕ್ಕೆ ಶುರುಮಾಡಿದ್ರೆ ಇಲಾಖೆ ಗತಿಯೇನು?”

“ಅಯ್ಯೋ, ನನ್ನ ಛತ್ರಿ ಇರ್ಲಿ ಬಿಡ್ರಿ. ಮೊದಲು ಆ ಹಿರಿಯರದ್ದು ನೋಡಿ,” ಎಂದಳು ಛತ್ರಿ ಹೆಂಗಸು. ಛತ್ರಿ ಗಂಡಸೂ ಹೌದೆಂದ. ಕೊನೆಗೆ ಮ್ಯಾನೇಜರ್, ನಿಯಮದಂತೆ ಆರು ತಿಂಗಳು ಕಾಯಬೇಕೆಂದೂ ಅಷ್ಟರೊಳಗೆ ಆತ್ಮಕಥೆ ಯಾವ ಬಸ್ಸಿನಲ್ಲಾದರೂ ಸಿಕ್ಕರೆ ತಿಳಿಸಲಾಗುವುದೆಂದೂ ಫಾರಮ್ಮಿನ ಮೇಲೆ ಬರೆದು ಮೊಹರು ಒತ್ತಿದರು. ಮಾವನವರು ರಸೀದಿಯನ್ನು ನಾಲ್ಕಾಗಿ ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡರು.

ಹದಿನೇಳು ವರ್ಷದಲ್ಲಿ ಮೊದಲ ಸಲ ಗುಮಾಸ್ತರು ಅರ್ಧ ದಿನ ಮುಂಚೆ ಮನೆಗೆ ಹೋದರು. ಬಾಲ್ಕನಿಯಲ್ಲಿ ಕೂತಿದ್ದ ಮಾವನವರ ಮುಂದೆ ನಿಂತು, “ಮಾವ, ನೀವು ಹೇಳಿ, ನಾನು ಬರೀತೀನಿ. ನನಗೆ ಹತ್ತು ಬೆರಳಲ್ಲೂ ಟೈಪ್ ಬರುತ್ತೆ. ಮೊದಲಿಂದ ಶುರು ಮಾಡೋಣ,” ಎಂದರು.

ಮಾವನವರು ಕುರ್ಚಿಯನ್ನು ಅವರ ಕಡೆ ತಿರುಗಿಸಿ, “ನಾನು ಹುಟ್ಟಿದ್ದು ಒಂದು ಮಂಗಳವಾರ,” ಎಂದರು.

ಅವತ್ತಿನಿಂದ ದಿನಾ ಸಂಜೆ ಐದರಿಂದ ಎಂಟು. ಕಂಪ್ಯೂಟರನ್ನು ಆರಿಸುವಂತಿಲ್ಲವೆಂದು ಪೆಂಗ್ವಿನ್ ಹೇಳಿದ್ದರಿಂದ ಗುಮಾಸ್ತರು ಅದರ ಹಣೆಗೆ ‘ಆಫ್ ಮಾಡಬಾರದು’ ಎಂದು ಡಿಪೋದ ಚೀಟಿಯೊಂದನ್ನು ಕಟ್ಟಿದ್ದರು. “ಹಿಂದುಗಡೆ ಏನೋ ಮಿಣಿಮಿಣಿ ಅಂತಿದೆಯಲ್ರೀ,” ಎಂದು ಧೂಳು ಒರೆಸುತ್ತ ಹೆಂಡತಿ ಕೇಳಿದರೆ, “ಮಿಣುಕಲಿ, ಮುಟ್ಟಬೇಡ,” ಎಂದರು. ಪರದೆಯ ಮೂಲೆಯಲ್ಲಿ ‘ಅನುಸ್ಥಾಪಿಸು’ ಎಂಬ ಚಿತ್ರವೊಂದು ಹಗಲೂ ರಾತ್ರಿ ಕಾದು ಕೂತಿತ್ತು. ಅದರ ಕಡೆ ಯಾರೂ ಕಣ್ಣೆತ್ತಿ ನೋಡಲಿಲ್ಲ.

ಹೆಡ್‌ಮೇಡಂ ಕರೆಯದಿದ್ದರೂ ಬಂದು ಪಕ್ಕದಲ್ಲಿ ಕೂರುತ್ತಿದ್ದರು. “‘ನನ್ನ ಶೌರ್ಯವನ್ನು ಕಂಡು ಬೀದಿಯೇ ಬೆರಗಾಯಿತು’ ಅಂದ್ರಿ. ಬೀದಿಲಿ ಎಷ್ಟು ಜನ ಇದ್ರು?”

“ಬೀದಿ ತುಂಬ ಇದ್ರು.”

“ಸಂಖ್ಯೆ ಹೇಳಿ.”

ಮಾವನವರು ಕಣ್ಣು ಮುಚ್ಚಿ ಎಣಿಸಿದರು. “ಮೂರು. ಒಬ್ಬ ಸೈಕಲ್ ರಿಪೇರಿಯವ. ಅವನು ನೋಡ್ತಿದ್ದದ್ದು ಚಕ್ರ ಇರಬೇಕು.”

ಗುಮಾಸ್ತರು ‘ಬೀದಿಯಲ್ಲಿ ಮೂವರಿದ್ದರು’ ಎಂದು ಟೈಪು ಮಾಡಿದರು. ಹೀಗೆ ಪುಟಗಳು ಇಳಿಯುತ್ತ ಹೋದವು. ಮೊದಲ ಸಲ ನಲವತ್ತು ಪುಟ ಹಿಡಿದಿದ್ದ ನೌಕರಿಯ ಮೊದಲ ವರ್ಷ ಈ ಸಲ ಆರು ಪುಟದಲ್ಲಿ ಮುಗಿಯಿತು. ಆದರೆ ಅಡುಗೆಮನೆಯಲ್ಲಿದ್ದ ಹೆಂಡತಿ ಕೈಕೆಲಸ ಬಿಟ್ಟು ಬಾಗಿಲಲ್ಲಿ ನಿಂತು ಕೇಳತೊಡಗಿದರು. ಹಿಂದಿನ ಆರು ವರ್ಷದಲ್ಲಿ ಆಕೆ ಒಂದು ಪುಟವನ್ನೂ ಓದಿರಲಿಲ್ಲ.

ಒಂಬತ್ತನೆಯ ಸಂಜೆ ‘ಇಪ್ಪತ್ತು ಗ್ರಾಂ’ ಎಂಬ ಅಧ್ಯಾಯ ಬಂತು. ಮಾವನವರ ಅತ್ಯಂತ ಪ್ರಸಿದ್ಧ ಸಾಹಸ. ಮನೆಗೆ ಬಂದವರೆಲ್ಲ ಕೇಳಿಸಿಕೊಂಡದ್ದು. ಹಳೆಯ ಪೇಟೆಯ ದಿನಸಿ ಅಂಗಡಿಯೊಂದರ ಒಂದು ಕಿಲೋ ತೂಕದ ಬಟ್ಟನ್ನು ಇಲಾಖೆಯ ತಕ್ಕಡಿಯಲ್ಲಿ ಇಲಾಖೆಯ ಬಟ್ಟಿನ ಎದುರಿಟ್ಟು ತೂಗಿ, ಇಪ್ಪತ್ತು ಗ್ರಾಂ ಕಡಿಮೆಯೆಂದು ಕಂಡುಹಿಡಿದು, ಅಂಗಡಿಗೆ ಅರಗಿನ ಮುದ್ರೆ ಹಾಕಿ ಮೂರು ದಿನ ಮುಚ್ಚಿಸಿದ ಕಥೆ. ಗುಮಾಸ್ತರು ಬೆರಳು ಸಜ್ಜುಮಾಡಿ ಕಾದರು. ಮಾವನವರು ಕನ್ನಡಕ ತೆಗೆದು ಒರೆಸತೊಡಗಿದರು.

“ಮಾವ, ಇಪ್ಪತ್ತು ಗ್ರಾಂ…”

“ಬರ್ಕೊಳ್ಳಿ,” ಎಂದರು ಮಾವನವರು. “ಅವತ್ತು ಸಂಜೆ ಮನೆಗೆ ಬಂದು ನನ್ನ ಬಟ್ಟು ಒರೆಸೋಕೆ ತಿರುಗಿಸಿದೆ. ತಳದಲ್ಲಿ ಅರಗು ಅಂಟಿತ್ತು. ನನ್ನ ಮುದ್ರೆಯ ಅರಗೇ. ಹಿಂದಿನ ವಾರ ಯಾವುದೋ ಅಂಗಡಿಗೆ ಮುದ್ರೆ ಹಾಕುವಾಗ ಚೆಲ್ಲಿರಬೇಕು. ಕೆರೆದು ತೂಗಿದೆ. ಇಪ್ಪತ್ತು ಗ್ರಾಂ.”

ಹೆಡ್‌ಮೇಡಂ ತಪ್ಪು ಹುಡುಕಲಿಲ್ಲ.

“ಯಾರಿಗೂ ಹೇಳ್ಲಿಲ್ಲ. ಮೂರು ದಿನ ಅವನ ಅಂಗಡಿ ಮುಚ್ಚಿತ್ತು. ಇಪ್ಪತ್ತಾರು ವರ್ಷ ಆಯ್ತು. ಮೊದಲ ಸಲ ಬರೆಯುವಾಗ ಒಬ್ಬನೇ ಕೂತು ಬರೆದೆ. ಒಬ್ಬನೇ ಬರೆಯುವಾಗ ಏನು ಬೇಕಾದ್ರೂ ಬರೀಬಹುದು. ಎದುರಿಗೆ ಮುಖ ಇದ್ರೆ ಕಷ್ಟ.”

ಗುಮಾಸ್ತರು ಎಲ್ಲವನ್ನೂ ಬರೆದುಕೊಂಡರು. ಅದು ಅರವತ್ತೊಂದನೆಯ ಪುಟ. ‘ಉಳಿಸು’ ಎಂಬುದನ್ನು ಎರಡೆರಡು ಸಲ ಒತ್ತಿದರು.

ಮರುದಿನ ಬೆಳಿಗ್ಗೆ ಪೆಂಗ್ವಿನ್ ರೈಲಿಳಿದವನೇ ನೇರ ಮನೆಗೆ ಬಂದ. ಕಂಪ್ಯೂಟರಿನ ಹಿಂದೆ ಮಿಣುಕುತ್ತಿದ್ದ ಪೆನ್‌ಡ್ರೈವನ್ನು ಕಂಡ. ಪರದೆಯ ಮೂಲೆಯ ‘ಅನುಸ್ಥಾಪಿಸು’ ಕಂಡ. ಅವನ ಮುಖ ಅರಳಿತು.

“ಸಾರ್! ನೀವು ಇನ್‌ಸ್ಟಾಲೇ ಮಾಡಿಲ್ಲ! ಬರೀ ಟ್ರೈ ಮಾಡ್ತಿದೀರ. ಇದು ಇಷ್ಟೂ ದಿನ ಈ ಪೆನ್‌ಡ್ರೈವಿಂದಲೇ ಓಡ್ತಿದೆ. ಅಂಗಡೀಲಿ ಅಂಗಿ ಹಾಕ್ಕೊಂಡು ನೋಡ್ತಾರಲ್ಲ, ಹಾಗೆ. ನಿಮ್ಮ ಹಳೇದೆಲ್ಲ ಒಳಗೆ ಹಾಗೇ ಇದೆ. ನೋಡ್ತಿರಿ!”

ಅಷ್ಟು ಹೇಳುತ್ತಲೇ ಅವನು ಪೆನ್‌ಡ್ರೈವನ್ನು ಕಿತ್ತು, ಆಫ್ ಗುಂಡಿಯನ್ನು ಒತ್ತಿ ಹಿಡಿದ. ಗುಮಾಸ್ತರು ಬಾಯಿ ತೆರೆಯುವಷ್ಟರಲ್ಲಿ ಪರದೆ ಕಪ್ಪಾಯಿತು. ಮತ್ತೆ ಆನ್ ಮಾಡಿದ. ಹಳೆಯ ಯಂತ್ರ ಹಳೆಯ ಸೋಮಾರಿತನದಲ್ಲಿ ಏಳಲು ಒದ್ದಾಡುತ್ತಿದ್ದಾಗ ಮಾವನವರು, ಮಗಳು, ಹೆಡ್‌ಮೇಡಂ ಎಲ್ಲರೂ ಸುತ್ತ ನೆರೆದರು. ಕೊನೆಗೆ ಪರದೆಯ ಮೇಲೆ ‘ತಪ್ಪದ ತಕ್ಕಡಿ’ ಮೂಡಿತು. ಮುನ್ನೂರ ಹನ್ನೆರಡು ಪುಟ. ಹೆಡ್‌ಮೇಡಂ ಚಪ್ಪಾಳೆ ತಟ್ಟಿದರು. ಹೆಂಡತಿ ಕಣ್ಣೊರೆಸಿಕೊಂಡರು. ಪೆಂಗ್ವಿನ್ ಹಾರ ಹಾಕಿಸಿಕೊಳ್ಳುವವನ ಹಾಗೆ ಕತ್ತು ಬಗ್ಗಿಸಿ ನಿಂತ.

ಗುಮಾಸ್ತರು ಮೆಲ್ಲಗೆ ಕೇಳಿದರು: “ಹೊಸದು ಎಲ್ಲಿ?”

“ಯಾವ ಹೊಸದು?”

“ಅರವತ್ತೊಂದು ಪುಟ. ಒಂಬತ್ತು ದಿನ ಬರೆದದ್ದು. ಉಳಿಸು ಅಂತ ಒತ್ತಿದ್ದೆ.”

“ಎಲ್ಲಿ ಉಳಿಸಿದ್ರಿ?”

“ಅದರೊಳಗೇ. ದಾಖಲೆಗಳು ಅಂತ ಇತ್ತಲ್ಲ.”

ಪೆಂಗ್ವಿನ್‌ನ ಕತ್ತು ನೆಟ್ಟಗಾಯಿತು. ಪೆನ್‌ಡ್ರೈವನ್ನೊಮ್ಮೆ ನೋಡಿದ, ಅಂಗೈಯನ್ನೊಮ್ಮೆ ನೋಡಿದ. “ಟ್ರೈ ಮಾಡುವಾಗ ಬರೆದದ್ದು ಆಫ್ ಮಾಡಿದ್ರೆ ಹೋಗುತ್ತೆ ಸಾರ್,” ಎಂದ. ಆಮೇಲೆ ಅವನಿಗೆ ಡಿಪೋದಲ್ಲಿ ಏನೋ ತುರ್ತು ಕೆಲಸ ನೆನಪಾಯಿತು. ಕಾಫಿಗೂ ನಿಲ್ಲಲಿಲ್ಲ.

ಮಾವನವರು ಕುರ್ಚಿ ಎಳೆದುಕೊಂಡು ಕೂತು, ಹಳೆಯ ಆತ್ಮಕಥೆಯಲ್ಲಿ ಆ ಅಧ್ಯಾಯವನ್ನು ತೆರೆದರು. ಹನ್ನೊಂದು ಪುಟ. ಬೀದಿಯೇ ಬೆರಗಾಗಿತ್ತು. ನ್ಯಾಯದೇವತೆ ಮುಗುಳ್ನಕ್ಕಿದ್ದಳು. ಅವರು ಕೊನೆಯವರೆಗೂ ಓದಿ ಕನ್ನಡಕ ತೆಗೆದರು.

“ಅಳಿಯಂದ್ರೇ, ಇದನ್ನ ಅಳಿಸಿ.”

“ನಾನಾ?”

“ನಿಮಗೆ ಅಭ್ಯಾಸ ಇದೆಯಲ್ಲ.”

“ನಾನು ಇದುವರೆಗೂ ಏನೂ ಅಳಿಸಿಲ್ಲ ಅಂತ ಈಗ ತಾನೆ ಸಾಬೀತಾಯ್ತಲ್ಲ ಮಾವ!”

“ಹಾಗಾದ್ರೆ ಶುರು ಮಾಡಿ.”

ಗುಮಾಸ್ತರು ಹನ್ನೊಂದು ಪುಟ ಅಳಿಸಿದರು. ಬಾಲ್ಕನಿಯಲ್ಲಿ ಒಣಗುತ್ತಿದ್ದ ಕೋಟನ್ನು ಮಾವನವರು ಕೈಗೆ ತೆಗೆದುಕೊಂಡರು. “ಅದನ್ನೇ ನಿಮಗೆ ಎರಡನೇ ಸಲ ಹೇಳೋ ಬದಲು, ಹೇಳಬೇಕಾದವನಿಗೇ ಹೇಳಿಬಿಡ್ತೀನಿ. ನಡೀರಿ.”

ಆ ಅಂಗಡಿ ಇನ್ನೂ ಇತ್ತು. ಅಂಗಡಿಯವರಿಗೆ ಎಂಬತ್ತರ ಹತ್ತಿರ ವಯಸ್ಸು. ಗಲ್ಲಾದ ಮೇಲೆ ಅವರ ಮಗಳು ಕೂತಿದ್ದಳು, ಅವರು ಮೂಲೆಯ ಸ್ಟೂಲಿನಲ್ಲಿ ಬೇಳೆ ಆರಿಸುತ್ತಿದ್ದರು. ತಕ್ಕಡಿಯ ಜಾಗದಲ್ಲಿ ಈಗ ಅಂಕಿ ತೋರಿಸುವ ಯಂತ್ರ. ಕೋಟನ್ನು ಕಂಡದ್ದೇ ಮುದುಕರು ಥಟ್ಟನೆ ಎದ್ದು ನಿಂತರು.

“ಇನ್ಸ್‌ಪೆಕ್ಟರ್ ಸಾಹೇಬ್ರು!”

“ಕೂತ್ಕೊಳ್ಳಿ. ಒಂದು ತಪ್ಪು ಒಪ್ಪಿಸಬೇಕಿತ್ತು,” ಎಂದ ಮಾವನವರು ನಿಂತೇ ಎಲ್ಲವನ್ನೂ ಹೇಳಿದರು. ಅರಗು, ಬಟ್ಟಿನ ತಳ, ಇಪ್ಪತ್ತು ಗ್ರಾಂ, ಮೂರು ದಿನ, ಇಪ್ಪತ್ತಾರು ವರ್ಷ. “ನಿಮ್ಮ ಬಟ್ಟು ಸರಿಯಾಗಿತ್ತು. ತಪ್ಪು ನನ್ನ ಬಟ್ಟಿಂದು. ಕ್ಷಮಿಸಬೇಕು.”

ಅಂಗಡಿ ಮುದುಕರು ಮಗಳ ಕಡೆ ನೋಡಿದರು. ಆಕೆ ಗಿರಾಕಿಯೊಬ್ಬರಿಗೆ ಸಕ್ಕರೆ ಕಟ್ಟುತ್ತಿದ್ದಳು. ಅವರು ಮುಂದಕ್ಕೆ ಬಾಗಿ ದನಿ ತಗ್ಗಿಸಿದರು.

“ನನ್ನ ಬಟ್ಟು ಸರಿಯಾಗೇ ಇತ್ತು ಸಾಹೇಬ್ರೇ. ಅದು ನನಗೂ ಗೊತ್ತಿತ್ತು.”

“ಮತ್ತೆ ಯಾಕೆ ಸುಮ್ಮನಿದ್ರಿ? ತಕರಾರು ಮಾಡಬೇಕಿತ್ತು!”

“ಹೇಗೆ ಮಾಡ್ಲಿ? ತಕ್ಕಡಿಯ ತಟ್ಟೆ ಕೆಳಗೆ ಐವತ್ತು ಗ್ರಾಂ ಮೇಣ ಮೆತ್ತಿದ್ದೆ. ಬಟ್ಟು ಕಮ್ಮಿ ಬಂದ ಖುಷೀಲಿ ತಾವು ತಕ್ಕಡಿ ನೋಡೋದೇ ಮರೆತ್ರಿ. ನಾನು ತಕರಾರು ತೆಗೆದಿದ್ರೆ ತಾವು ತಟ್ಟೆ ಎತ್ತಿ ನೋಡ್ತಿದ್ರಿ.” ಮುದುಕರು ಎದೆಯ ಮೇಲೆ ಕೈಯಿಟ್ಟುಕೊಂಡರು. “ಇಲ್ಲದ ಇಪ್ಪತ್ತು ಗ್ರಾಮೇ ಬಿಡದ ಮನುಷ್ಯ, ಇರೋ ಐವತ್ತು ಬಿಡ್ತಾನಾ ಅಂತ ಹೆದರಿ, ಅಂಗಡಿ ತೆರೆದ ದಿನಾನೇ ಮೇಣ ಕಿತ್ತು ಹಾಕಿದೆ. ಆಮೇಲೆ ಒಂದು ದಿನಾನೂ ಮೋಸ ಮಾಡ್ಲಿಲ್ಲ. ಮೂರು ದಿನ ಯಾಕೆ, ಆರು ದಿನ ಮುಚ್ಚಿಸಿದ್ರೂ ಬೇಜಾರಿಲ್ಲ.”

ಗುಮಾಸ್ತರು ನಗು ತಡೆಯಲಾಗದೆ ಬೇಳೆ ಚೀಲದ ಕಡೆ ತಿರುಗಿದರು. ಇಪ್ಪತ್ತಾರು ವರ್ಷದ ಭಾರ ಇಳಿಯಿತಲ್ಲ, ಮಾವನವರು ಹಗುರಾಗಿರುತ್ತಾರೆ ಎಂದುಕೊಂಡು ಮತ್ತೆ ನೋಡಿದರೆ, ಅವರ ಮುಖ ಕಪ್ಪಿಟ್ಟಿತ್ತು.

“ತಟ್ಟೆ ಕೆಳಗೆ ನಾನು ನೋಡ್ಲಿಲ್ಲವೇ?”

“ಇಲ್ಲ ಸಾಹೇಬ್ರೇ.”

“ಐವತ್ತು ಗ್ರಾಂ?”

“ಐವತ್ತೈದೂ ಇದ್ದಿರಬಹುದು.”

ವಾಪಸ್ಸಾಗುವಾಗ ಮಾವನವರು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬೆರಳು ಮಡಚುತ್ತ ಏನೋ ಎಣಿಸುತ್ತಿದ್ದರು. ಮನೆಗೆ ಬಂದವರೇ ಕಂಪ್ಯೂಟರಿನ ಮುಂದೆ ಕೂತು, ಆತ್ಮಕಥೆಯನ್ನು ಮೊದಲ ಪುಟದಿಂದ ಹೊರಳಿಸತೊಡಗಿದರು. ಒಂದು ಹಾಳೆಯಲ್ಲಿ ಒಂದರ ಕೆಳಗೊಂದು ಅಂಗಡಿಗಳ ಹೆಸರು ಬರೆದರು. ಹಾಳೆ ತುಂಬಿ ಹಿಂಬದಿಗೂ ಹೋಯಿತು.

“ನಲವತ್ತಮೂರು,” ಎಂದರು ಕೊನೆಗೆ. “ನಲವತ್ತಮೂರು ಅಂಗಡಿ ಹಿಡಿದಿದ್ದೀನಿ ಅಂತ ಬರೆದಿದ್ದೀನಿ. ಎಲ್ಲೂ ತಟ್ಟೆ ಎತ್ತಿ ನೋಡಿದ ನೆನಪಿಲ್ಲ. ಒಂದೊಂದಾಗಿ ಹೋಗಿ ಕೇಳಬೇಕು. ಅಳಿಯಂದ್ರೇ, ತಮಗೆ ಎಷ್ಟು ದಿನ ರಜೆ ಉಳಿದಿದೆ?”

ಮರ್ಯಾದೆ ‘ತಮಗೆ’ ಮುಟ್ಟಿತ್ತು. ಮಾವನವರ ಸಿಟ್ಟು ಏರಿತ್ತು. ಆದರೆ ಈ ಸಲ ಅದು ಅಳಿಯನ ಮೇಲಾಗಿರಲಿಲ್ಲ.

ಛತ್ರಿ ಗುಮಾಸ್ತರು ಕುರ್ಚಿ ಹತ್ತಿರಕ್ಕೆಳೆದು, ರಜೆಯ ಅರ್ಜಿ ಬರೆಯಲು ಕೂತರು. ಕಾರಣ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಮಾವನವರು ಅವರ ಹೆಗಲ ಮೇಲಿಂದ ಬಗ್ಗಿ ನೋಡಿ, “ಸತ್ಯಾನೇ ಬರೀರಿ,” ಎಂದರು.

ಗುಮಾಸ್ತರು ಬರೆದರು: ಮಾವ.